ಸಾವಿರ ಕೈಗಳು, ಒಂದೇ ಹೊತ್ತಗೆ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂದು ಮಗನೋ ಸೊಸೆಯೋ ಊಟದ ನಡುವೆಯೇ ಎದ್ದು, “ಮರ್ಜ್ ಕಾನ್‌ಫ್ಲಿಕ್ಟ್ ಬಂದಿದೆ, ಐದೇ ನಿಮಿಷ” ಎಂದು ಹೇಳಿ ಕಂಪ್ಯೂಟರಿನ ಮುಂದೆ ಕುಳಿತುಬಿಡುವುದುಂಟು. ಐದು ನಿಮಿಷ ಒಂದು ಗಂಟೆಯಾಗುತ್ತದೆ; ಸಾರು ಆರಿಹೋಗುತ್ತದೆ. ಅದೇನು ಕಾನ್‌ಫ್ಲಿಕ್ಟ್, ಯಾರೊಡನೆ ಜಗಳ ಎಂದು ಮನೆಯ ಹಿರಿಯರು ಕೇಳಿದರೆ ತೃಪ್ತಿಕರವಾದ ಉತ್ತರ ದೊರೆಯುವುದು ಅಪರೂಪ. ನಿಜಕ್ಕೂ ಅಲ್ಲಿ ಜಗಳವೇನೂ ಇಲ್ಲ. ಒಂದೇ ಬರಹದ ಒಂದೇ ಸಾಲನ್ನು ಇಬ್ಬರು ಬೇರೆ ಬೇರೆ ಕಡೆ ಕುಳಿತು ಬೇರೆ ಬೇರೆ ರೀತಿಯಲ್ಲಿ ತಿದ್ದಿದ್ದಾರೆ. ಯಾರ ತಿದ್ದುಪಡಿ ಉಳಿಯಬೇಕೆಂಬುದು ಇತ್ಯರ್ಥವಾಗಬೇಕಾಗಿದೆ, ಅಷ್ಟೆ. ಈ ಇತ್ಯರ್ಥದ ಉಪಾಯಗಳನ್ನು ಕಂಡುಹಿಡಿಯಲು ಐವತ್ತು ವರ್ಷಗಳಿಂದ ನಡೆದುಬಂದಿರುವ ಪ್ರಯತ್ನದ ಕಥೆ ಯಾವ ಧಾರಾವಾಹಿಗೂ ಕಡಿಮೆಯಿಲ್ಲದಷ್ಟು ಸ್ವಾರಸ್ಯವಾಗಿದೆ.

ಸಾಫ್ಟ್‌ವೇರ್ ಎಂಬುದು ಮೂಲತಃ ಬರಹ. ಯಂತ್ರವು ಏನು ಮಾಡಬೇಕೆಂಬುದನ್ನು ಸಾಲು ಸಾಲಾಗಿ ಬರೆದಿಟ್ಟ ಆಜ್ಞೆಗಳ ಹೊತ್ತಗೆ. ಹೊತ್ತಗೆ ಸಣ್ಣದಾದರೆ ಒಬ್ಬರೇ ಬರೆದು ಮುಗಿಸಬಹುದು. ಆದರೆ ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳಿಗೆ ಆಧಾರವಾಗಿರುವ ಲಿನಕ್ಸ್‌ನ ತಿರುಳು ಮೂರು ಕೋಟಿಗೂ ಮಿಕ್ಕಿದ ಸಾಲುಗಳಷ್ಟು ಬೆಳೆದಿದೆ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಅದರ ಹೊಸ ಆವೃತ್ತಿ ಹೊರಡುತ್ತದೆ. ಪ್ರತಿ ಆವೃತ್ತಿಗೂ ಸಾವಿರಕ್ಕೂ ಹೆಚ್ಚು ಜನ ಕೈ ಹಚ್ಚುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಪರಸ್ಪರರ ಮುಖ ಕಂಡವರೂ ಅಲ್ಲ.

ಜನ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುವುದೆಂದು ನಾವು ತಿಳಿಯುತ್ತೇವೆ. ಐ.ಬಿ.ಎಂ. ಕಂಪನಿಯಲ್ಲಿ ಬೃಹತ್ ಕಾರ್ಯವೊಂದರ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ಎಂಬುವರು 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಹೇಳಿದರು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಮತ್ತಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಲೆಕ್ಕ ಸುಲಭವಾಗಿದೆ. ಹತ್ತು ಜನ ಪರಸ್ಪರ ಮಾತಾಡಿಕೊಳ್ಳಬೇಕಾದರೆ 45 ಜೋಡಿಗಳಾಗುತ್ತವೆ. ಐವತ್ತು ಜನರಾದರೆ 1,225. ಮಾತಿನಲ್ಲೇ ದಿನ ಕಳೆದುಹೋಗುತ್ತದೆ. ಕಛೇರಿಯ ಮೀಟಿಂಗುಗಳಿಂದ ಬಸವಳಿದು ಬರುವ ಮಕ್ಕಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೀಗದಿಂದ ಬೆಸುಗೆಗೆ

ಮದುವೆಯ ಮನೆಯಲ್ಲಿ ಆಹ್ವಾನಿತರ ಪಟ್ಟಿ ಸಿದ್ಧವಾಗುವುದನ್ನು ವಾಚಕರು ನೋಡಿಯೇ ಇರುತ್ತೀರಿ. ಪಟ್ಟಿ ಒಂದೇ, ಅದನ್ನು ತಿದ್ದಬೇಕಾದವರು ಅಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ. ಒಬ್ಬೊಬ್ಬರೂ ಒಂದೊಂದು ಪ್ರತಿ ಮಾಡಿಕೊಂಡರೆ ಯಾವುದು ಸರಿಯಾದ ಪಟ್ಟಿಯೆಂಬುದೇ ತಿಳಿಯದು. ಆದುದರಿಂದ ಒಂದು ವೇಳೆಗೆ ಒಬ್ಬರೇ ತಿದ್ದಬೇಕೆಂದು ಕಟ್ಟಳೆ ಮಾಡಿದರೆ, ಚಿಕ್ಕಪ್ಪನವರು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ತುಮಕೂರಿಗೆ ಹೊರಟುಬಿಡುತ್ತಾರೆ. ಅವರು ಹಿಂತಿರುಗುವವರೆಗೆ ಎಲ್ಲರೂ ಕೈಕಟ್ಟಿ ಕೂಡಬೇಕು.

ಸಾಫ್ಟ್‌ವೇರ್ ಪ್ರಪಂಚದ ಮೊದಲ ಸಾಧನಗಳು ಈ ಎರಡನೆಯ ಪದ್ಧತಿಯವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬುವರು 1972ರಲ್ಲಿ ‘ಎಸ್.ಸಿ.ಸಿ.ಎಸ್.’ ಎಂಬ ವ್ಯವಸ್ಥೆಯನ್ನು ರಚಿಸಿದರು. ಬರಹದ ಪ್ರತಿಯೊಂದು ಬದಲಾವಣೆಯನ್ನೂ ಅದು ದಾಖಲೆ ಮಾಡಿಕೊಳ್ಳುತ್ತಿತ್ತು. ಬೇಕಾದಾಗ ಹಳೆಯ ರೂಪವನ್ನು ಹೊರತೆಗೆಯಬಹುದಾಗಿತ್ತು. ಆದರೆ ಒಬ್ಬರು ತಿದ್ದುತ್ತಿರುವಾಗ ಉಳಿದವರಿಗೆ ಬೀಗ!

ಬೀಗವನ್ನು ತೆಗೆದವರು ಆಮ್‌ಸ್ಟರ್‌ಡ್ಯಾಮಿನ ಒಬ್ಬ ಅಧ್ಯಾಪಕರು, ಡಿಕ್ ಗ್ರೂನ್. ಸಂದರ್ಭವು ತೀರ ಮನೆವಾರ್ತೆಯದು. 1980ರ ದಶಕದ ನಡುವಿನಲ್ಲಿ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ಕಾರ್ಯದಲ್ಲಿ ತೊಡಗಿದ್ದರು. ಒಬ್ಬ ವಿದ್ಯಾರ್ಥಿ ಒಂಬತ್ತರಿಂದ ಐದರವರೆಗೆ ನಿಯಮವಾಗಿ ದುಡಿಯುವವನು; ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ; ಗುರುಗಳಿಗೋ ಬಿಡುವು ದೊರೆಯುತ್ತಿದ್ದುದು ಸಂಜೆಯಲ್ಲಿ ಮಾತ್ರ. ಮೂವರೂ ಒಟ್ಟಿಗೆ ಕೂಡುವುದೇ ಅಸಾಧ್ಯವಾದಾಗ, ಪ್ರತಿಯೊಬ್ಬರೂ ತಮ್ಮ ಪ್ರತಿಯನ್ನು ತಮಗೆ ಬೇಕಾದಾಗ ತಿದ್ದಲಿ, ಬಳಿಕ ಯಂತ್ರವೇ ಅವನ್ನು ಒಂದುಗೂಡಿಸಲಿ ಎಂದು ಗ್ರೂನ್‌ರವರು ನಿಶ್ಚಯಿಸಿದರು. ‘ಸಿ.ವಿ.ಎಸ್.’ ಎಂಬ ಹೆಸರಿನಿಂದ 1986ರಲ್ಲಿ ಅದು ಲೋಕಕ್ಕೆ ಬಂತು. ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಬೆಸುಗೆ ತಾನಾಗಿ ಆಗುತ್ತದೆ. ಒಂದೇ ಸಾಲನ್ನು ಇಬ್ಬರು ತಿದ್ದಿದ್ದರೆ ಮಾತ್ರ ಯಂತ್ರವು ಮನುಷ್ಯರನ್ನು ಕರೆಯುತ್ತದೆ. ಆ ಕರೆಯೇ ನಮ್ಮ ಮನೆಯ ಊಟವನ್ನು ಕೆಡಿಸುವ ‘ಮರ್ಜ್ ಕಾನ್‌ಫ್ಲಿಕ್ಟ್’.

ಮುನಿಸಿನಿಂದ ಹುಟ್ಟಿದ ಗಿಟ್

ಇನ್ನು ಲಿನಕ್ಸಿನ ಮಾತು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆರಂಭಿಸಿದ ಈ ಕಾರ್ಯಕ್ಕೆ ದೇಶದೇಶಗಳಿಂದ ತಿದ್ದುಪಡಿಗಳು ಮಿಂಚಂಚೆಯ ಮೂಲಕ ಬರುತ್ತಿದ್ದುವು. ಟೋರ್ವಾಲ್ಡ್ಸ್‌ರವರು ಅವನ್ನು ಒಂದೊಂದಾಗಿ ಓದಿ, ಒಪ್ಪಿಗೆಯಾದುದನ್ನು ಕೈಯಾರೆ ಸೇರಿಸುತ್ತಿದ್ದರು. ಪ್ರವಾಹ ಹೆಚ್ಚಿದಂತೆ ಅನೇಕರ ಪತ್ರಗಳು ಉತ್ತರವಿಲ್ಲದೆ ಕಳೆದುಹೋಗತೊಡಗಿದುವು, ಬರೆದವರು ಬೇಸತ್ತರು. ಕೊನೆಗೆ 2002ರಲ್ಲಿ ‘ಬಿಟ್‌ಕೀಪರ್’ ಎಂಬ ಸಾಧನವನ್ನು ಅವರು ಸ್ವೀಕರಿಸಿದರು. ಅದು ಲ್ಯಾರಿ ಮೆಕ್‌ವಾಯ್ ಎಂಬುವರ ಕಂಪನಿಯ ಸ್ವತ್ತು. ಲಿನಕ್ಸಿನವರಿಗೆ ಹಣವಿಲ್ಲದೆ ಉಪಯೋಗಿಸಲು ಅನುಮತಿಯಿತ್ತಾದರೂ, ಅದಕ್ಕೆ ಪ್ರತಿಸ್ಪರ್ಧಿಯಾಗುವ ಸಾಧನವನ್ನು ಕಟ್ಟಕೂಡದೆಂಬ ಷರತ್ತೂ ಇತ್ತು. ಎಲ್ಲರಿಗೂ ತೆರೆದಿಟ್ಟ ಹೊತ್ತಗೆಯನ್ನು ಬೇರೊಬ್ಬರ ಬೀಗದ ಪೆಟ್ಟಿಗೆಯಲ್ಲಿಡುವುದೇ ಎಂದು ಹಲವರು ಅಂದೇ ಗೊಣಗಿದರು. ಅವರ ಗೊಣಗಾಟದಲ್ಲಿ ಅರ್ಥವಿತ್ತೆಂದೇ ಈ ಲೇಖಕನ ಅಭಿಪ್ರಾಯ.

2005ರಲ್ಲಿ ಕಿಡಿ ಹತ್ತಿಕೊಂಡಿತು. ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಎಂಬ ಪ್ರತಿಭಾವಂತರು ಬಿಟ್‌ಕೀಪರಿನೊಡನೆ ಮಾತಾಡಬಲ್ಲ ಸ್ವತಂತ್ರ ಸಾಧನವೊಂದನ್ನು ಸಿದ್ಧಪಡಿಸಲು ಹೊರಟರು. ಅವರು ಮಾಡಿದ್ದೇನು? ಆ ಯಂತ್ರಕ್ಕೆ ನೇರವಾಗಿ ಸಂಪರ್ಕ ಕಲ್ಪಿಸಿ ‘ಹೆಲ್ಪ್’ ಎಂಬ ಒಂದು ಪದವನ್ನು ಟೈಪು ಮಾಡಿದರು. ಯಂತ್ರವು ವಿನಯದಿಂದ ತನ್ನ ಆಜ್ಞೆಗಳ ಪಟ್ಟಿಯನ್ನೇ ಒಪ್ಪಿಸಿತು! ಮೆಕ್‌ವಾಯ್‌ಯವರು ಸಿಟ್ಟಾಗಿ, ಉಚಿತ ಉಪಯೋಗವನ್ನು ಹಿಂತೆಗೆದುಕೊಂಡರು. ಟೋರ್ವಾಲ್ಡ್ಸ್‌ರವರಿಗೂ ಟ್ರಿಡ್ಜೆಲ್‌ರ ಮೇಲೆ ಅಸಮಾಧಾನವಾಯಿತು. ಆದರೆ ಮುನಿಸಿಕೊಂಡು ಕುಳಿತರೆ ಕೆಲಸ ಸಾಗಬೇಕಲ್ಲ! ಏಪ್ರಿಲ್ 3ರಂದು ಅವರು ತಮ್ಮದೇ ಸಾಧನವನ್ನು ಬರೆಯತೊಡಗಿದರು. ಏಪ್ರಿಲ್ 7ರ ಹೊತ್ತಿಗೆ ಆ ಸಾಧನವು ತನ್ನ ಇತಿಹಾಸವನ್ನು ತಾನೇ ಬರೆದಿಟ್ಟುಕೊಳ್ಳುವಷ್ಟು ಸಿದ್ಧವಾಗಿತ್ತು. ಜೂನ್ ತಿಂಗಳಲ್ಲಿ ಲಿನಕ್ಸಿನ 2.6.12ನೆಯ ಆವೃತ್ತಿ ಅದರ ಮೂಲಕವೇ ಹೊರಟಿತು. ಜುಲೈಯಲ್ಲಿ ಅದರ ಪಾಲನೆಯನ್ನು ಜೂನಿಯೊ ಹಮಾನೊ ಎಂಬುವರಿಗೆ ಒಪ್ಪಿಸಿ ಟೋರ್ವಾಲ್ಡ್ಸ್ ತಮ್ಮ ಮೂಲಕಾರ್ಯಕ್ಕೆ ಹಿಂತಿರುಗಿದರು. ಸಾಧನದ ಹೆಸರು ‘ಗಿಟ್’. ಇಂಗ್ಲೆಂಡಿನ ಆಡುಮಾತಿನಲ್ಲಿ ಗಿಟ್ ಎಂದರೆ ಯಾರಿಗೂ ಬೇಡವಾದ ಒರಟ. ತಾವು ಕಟ್ಟಿದುದಕ್ಕೆಲ್ಲ ತಮ್ಮ ಹೆಸರನ್ನೇ ಇಡುವ ಸ್ವಭಾವದವರೆಂದು ಟೋರ್ವಾಲ್ಡ್ಸ್ ತಮ್ಮನ್ನೇ ಹಾಸ್ಯ ಮಾಡಿಕೊಂಡರು.

ಗಿಟ್‌ನ ವಿಶೇಷವೇನೆಂದರೆ, ಇಲ್ಲಿ ಮೂಲಪ್ರತಿಯೆಂಬ ಒಂದೇ ಪ್ರತಿಯಿಲ್ಲ. ಕೆಲಸ ಮಾಡುವ ಪ್ರತಿಯೊಬ್ಬರ ಬಳಿಯೂ ಸಾಮಾನ್ಯವಾಗಿ ಇಡೀ ಹೊತ್ತಗೆಯೂ ಅದರ ಆದಿಯಿಂದ ಇಂದಿನವರೆಗಿನ ಇತಿಹಾಸವೂ ಇರುತ್ತದೆ. ಪ್ರತಿ ತಿದ್ದುಪಡಿಯೂ ಯಾರು, ಎಂದು, ಏಕೆ ಮಾಡಿದರೆಂಬ ಟಿಪ್ಪಣಿಯೊಡನೆ ದಾಖಲಾಗುತ್ತದೆ. ಅದರ ಒಳಹುರುಳಿನಿಂದಲೇ ಲೆಕ್ಕ ಹಾಕಿದ ಒಂದು ಗುರುತು, ಸಾಮಾನ್ಯವಾಗಿ ನಲವತ್ತು ಅಕ್ಷರಗಳದ್ದು, ಅದಕ್ಕೆ ಅಂಟಿಕೊಳ್ಳುತ್ತದೆ. ಪ್ರತಿ ಗುರುತಿನೊಳಗೂ ಅದರ ಹಿಂದಿನ ಗುರುತು ಅಡಗಿರುವುದರಿಂದ, ಹಳೆಯ ಪುಟವೊಂದನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಗುರುತುಗಳೆಲ್ಲ ಬದಲಾಗಿ ಕಳ್ಳತನ ಬಯಲಾಗುತ್ತದೆ. ಲಿನಕ್ಸಿನಲ್ಲಿ ಇದರ ಮೇಲೆ ಸಹಿಯ ಪದ್ಧತಿಯೂ ಉಂಟು: ಬರೆದವರು ಸಹಿ ಹಾಕಬೇಕು, ಪರಿಶೀಲಿಸಿ ಮೇಲಕ್ಕೆ ಕಳುಹಿಸಿದವರೂ ಹಾಕಬೇಕು. ಸರಕಾರಿ ಕಛೇರಿಯ ಕಡತದ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಈ ಕಡತವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಕನ್ನಡ ವಿಕಿಪೀಡಿಯದ ಪ್ರತಿಯೊಂದು ಪುಟಕ್ಕೂ ಹೊಂದಿಕೊಂಡಿರುವ ‘ಇತಿಹಾಸ’ವನ್ನು ತೆರೆದು ನೋಡಿದವರಿಗೆ, ಸಾಧನ ಬೇರೆಯಾದರೂ, ಇದೇ ತತ್ತ್ವದ ಪರಿಚಯವಾಗುವುದು.

2008ರಲ್ಲಿ ಗಿಟ್‌ಹಬ್ ಎಂಬ ಕಂಪನಿ ಈ ಹೊತ್ತಗೆಗಳಿಗೆ ಒಂದು ಸಾರ್ವಜನಿಕ ಚಾವಡಿಯನ್ನು ಕಟ್ಟಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ವ್ಯಾಪಾರದ ಆ ಕಥೆ ಇಲ್ಲಿ ಬೇಡ.

ಅರ್ಧ ಸೆಕೆಂಡಿನ ವಿಳಂಬ

ಎಲ್ಲವೂ ದಾಖಲಾಗುವಾಗ ಮೋಸಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. 2024ರಲ್ಲಿ ನಡೆದ ಪ್ರಸಂಗವನ್ನು ಕೇಳಿ.

ಫೈಲುಗಳನ್ನು ಅಡಕ ಮಾಡುವ ‘ಎಕ್ಸ್‌ಜ಼ೆಡ್’ ಎಂಬ ಸಣ್ಣ ಸಾಧನವೊಂದು ಅಸಂಖ್ಯ ಲಿನಕ್ಸ್ ಯಂತ್ರಗಳಲ್ಲಿದೆ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಎಂಬುವರು ಬಹುಕಾಲ ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದರು. 2022ರಲ್ಲಿ, ಕೆಲಸ ನಿಧಾನವಾಯಿತೆಂದು ಕೆಲವು ಹೆಸರುಗಳು ಅವರನ್ನು ಪತ್ರಗಳಲ್ಲಿ ಪೀಡಿಸತೊಡಗಿದುವು. ತಮ್ಮ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲವೆಂದೂ ಇದು ಸಂಬಳದ ಕೆಲಸವಲ್ಲವೆಂದೂ ಅವರು ಬಹಿರಂಗವಾಗಿಯೇ ಬರೆದುಕೊಂಡರು. ಅದೇ ಸಮಯಕ್ಕೆ ‘ಜಿಯಾ ಟಾನ್’ ಎಂಬ ಹೆಸರಿನವರು ತಾಳ್ಮೆಯಿಂದ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸುತ್ತಿದ್ದರು. ದಣಿದ ಮನುಷ್ಯನಿಗೆ ಇಂಥ ಸಹಾಯಕ ದೊರೆತರೆ ಯಾರು ಬೇಡವೆಂದಾರು? ಕೊಲಿನ್‌ರವರು ಕ್ರಮೇಣ ಅವರಿಗೂ ಅಧಿಕಾರ ಕೊಟ್ಟರು.

2024ರ ಫೆಬ್ರವರಿ ಮತ್ತು ಮಾರ್ಚಿಯಲ್ಲಿ ಹೊರಟ ಎರಡು ಆವೃತ್ತಿಗಳಲ್ಲಿ ಆ ಸಹಾಯಕರು ಒಂದು ಹಿಂಬಾಗಿಲನ್ನಿಟ್ಟಿದ್ದರು. ಗುಟ್ಟು ತಿಳಿದವರು ಅದರ ಮೂಲಕ ಪರರ ಯಂತ್ರದೊಳಗೆ ನುಗ್ಗಬಹುದಾಗಿತ್ತು. ಚಾತುರ್ಯವನ್ನು ನೋಡಿ: ವಿಷದ ಬೀಜವನ್ನು ಪರೀಕ್ಷೆಗಾಗಿ ಇಟ್ಟ ಮಾದರಿ ಫೈಲುಗಳ ವೇಷದಲ್ಲಿ ಎಲ್ಲರ ಕಣ್ಣೆದುರಿಗೇ ಗಿಟ್‌ನಲ್ಲಿ ಸೇರಿಸಲಾಗಿತ್ತು, ಅದನ್ನು ಮೊಳೆಯಿಸುವ ಸಾಲು ಮಾತ್ರ ಗಿಟ್‌ನಲ್ಲಿರಲಿಲ್ಲ. ಹಂಚುವುದಕ್ಕೆಂದು ಬೇರೆಯಾಗಿ ಕಟ್ಟಿದ ಗಂಟಿನಲ್ಲಷ್ಟೇ ಅದಿತ್ತು. ಲೆಕ್ಕದ ಪುಸ್ತಕ ಚೊಕ್ಕಟವಾಗಿ ಕಾಣುತ್ತಿತ್ತು, ಮಾಲು ಬೇರೆಯಾಗಿತ್ತು.

ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ, ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬುದನ್ನು ಗಮನಿಸಿದರು. ಇನ್ನೊಬ್ಬರಾಗಿದ್ದರೆ ಉಪೇಕ್ಷಿಸುತ್ತಿದ್ದರೇನೋ, ಅವರು ಜಾಡು ಹಿಡಿದು ಹೋದರು. ಮಾರ್ಚಿ 29ರಂದು ಸಂಗತಿಯನ್ನು ಪ್ರಕಟಿಸಿದಾಗ, ಕೆಡುಕಿನ ಆವೃತ್ತಿ ಡೆಬಿಯನ್, ಫೆಡೋರ ಮೊದಲಾದ ಬಳಗಗಳ ಪ್ರಾಯೋಗಿಕ ಪ್ರತಿಗಳವರೆಗೆ ಬಂದಿತ್ತು. ಅವುಗಳ ಸ್ಥಿರ ಪ್ರತಿಗಳಿಗೆ ಇನ್ನೂ ಕಾಲಿಟ್ಟಿರಲಿಲ್ಲ.

ಜಿಯಾ ಟಾನ್ ಎಂಬ ಹೆಸರು ಆ ದಿನದಿಂದ ಮೌನವಾಯಿತು. ಗಿಟ್‌ನಲ್ಲಿ ಅವರ ಹೆಸರಿನ ತಿದ್ದುಪಡಿಗಳೆಲ್ಲ ದಿನಾಂಕ ಸಮೇತ ಹಾಗೆಯೇ ಉಳಿದಿದ್ದುವು. ಕೊಲಿನ್‌ರವರು ಹಿಂಬಾಗಿಲನ್ನು ಕಿತ್ತು, ಅದೇ ಮೇ ತಿಂಗಳಲ್ಲಿ 5.6.2ನೆಯ ಆವೃತ್ತಿಯನ್ನು ಹೊರತಂದರು.