ಮೀಸಲು ಇಂಟರ್‌ನೆಟ್ ಲೈನು: ಯಾರಿಗೆ ಬೇಕು, ಯಾರಿಗೆ ಬೇಡ?

ತೋಟದ ಜೊತೆಗೆ ಕಾಫಿ ಪುಡಿ ವ್ಯಾಪಾರ, ಅಡಿಕೆ ಖರೀದಿ, ಹೋಂಸ್ಟೇ ಮುಂತಾದ ಉಪಕಸುಬು ನಡೆಸುವ ಹಲವು ಸದಸ್ಯರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಕಂಪೆನಿಯ ಪ್ರತಿನಿಧಿಗಳು ಬಂದು, ಸಾಮಾನ್ಯ ಬ್ರಾಡ್‌ಬ್ಯಾಂಡ್ ಬಿಟ್ಟು ‘ಲೀಸ್ಡ್ ಲೈನ್’ ಎಂಬ ಮೀಸಲು ಲೈನು ಹಾಕಿಸಿಕೊಳ್ಳಿರೆಂದು ಹೇಳುತ್ತಾರಂತೆ. ಬಾಡಿಗೆ ಹಲವು ಪಟ್ಟು ಹೆಚ್ಚು, ಅದರ ಮೇಲೆ ಶೇ. 18 ಜಿ.ಎಸ್.ಟಿ., ಸಾಮಾನ್ಯವಾಗಿ ವರ್ಷದ ಕರಾರು ಬೇರೆ. ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ನೀರು ಹಾರಿಸುವ ವಾರವನ್ನು ನೆನಪಿಸಿಕೊಳ್ಳಿ. ಒಂದೇ ಹಳ್ಳಕ್ಕೆ ಹತ್ತು ಮಂದಿ ಪಂಪು ಇಟ್ಟರೆ ಯಾರ ಜೆಟ್ಟೂ ಸರಿಯಾಗಿ ಹಾರುವುದಿಲ್ಲ. ಬ್ರಾಡ್‌ಬ್ಯಾಂಡ್ ಅಂಥ ಹಳ್ಳ. ಕಂಪೆನಿಯ ಕೇಂದ್ರದಿಂದ ಹೊರಟ ಫೈಬರಿನ ಒಂದು ಎಳೆಯನ್ನು ದಾರಿಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳವರೆಗೆ ಹಂಚುತ್ತಾರೆ. ಬಹಳ ಕಡೆ ಬಳಕೆಯಲ್ಲಿರುವ ‘ಜಿಪಾನ್’ ಪದ್ಧತಿಯಲ್ಲಿ ಅಷ್ಟೂ ಮನೆಗಳಿಗೆ ಸೇರಿ ಒಳಬರುವ ದಿಕ್ಕಿನಲ್ಲಿ ಸುಮಾರು 2,500 ಎಂಬಿಪಿಎಸ್, ಹೊರಹೋಗುವ ದಿಕ್ಕಿನಲ್ಲಿ ಅದರ ಅರ್ಧ ಮಾತ್ರ. ಜಾಹೀರಾತಿನಲ್ಲಿ ‘100 ಎಂಬಿಪಿಎಸ್ ವರೆಗೆ’ ಎಂದಿದ್ದರೆ ಆ ‘ವರೆಗೆ’ ಎಂಬ ಪದಕ್ಕೆ ಅಡಿಗೆರೆ ಎಳೆದು ಓದಬೇಕು.

ಮೀಸಲು ಲೈನಿನಲ್ಲಿ ಹಾಗಿಲ್ಲ. ಹೇಳಿದ ವೇಗ ಹಗಲು ರಾತ್ರಿ ನಿಮ್ಮದೇ, ಎರಡು ದಿಕ್ಕಿನಲ್ಲೂ ಸಮನಾಗಿರುತ್ತದೆ. ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಪಡಿಸಬೇಕೆಂಬುದು ಕರಾರಿನಲ್ಲಿರುತ್ತದೆ. ನಿಜ ಹೇಳಬೇಕೆಂದರೆ ಹೆಚ್ಚಿನ ಹಣ ಹೋಗುವುದು ವೇಗಕ್ಕಿಂತ ಈ ಭರವಸೆಗೆ.

ಹಾಗಾದರೆ ನಮ್ಮ ಕೆಲಸಕ್ಕೆ ಎಷ್ಟು ವೇಗ ಬೇಕು? ರೂ. 50,000ಕ್ಕೆ ಮೇಲ್ಪಟ್ಟ ಅಡಿಕೆ ಲಾರಿಗೆ ಹೇರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ವಹಿವಾಟು 5 ಕೋಟಿ ರೂಪಾಯಿ ದಾಟಿದ ಸಂಸ್ಥೆಗಳು 2023ರ ಆಗಸ್ಟ್ 1ರಿಂದ ತೆರಿಗೆಯುಳ್ಳ ಸರಕನ್ನು ವರ್ತಕರಿಗೆ ಮಾರುವಾಗ ಇ-ಇನ್‌ವಾಯ್ಸ್ ಕೂಡ ಮಾಡಬೇಕು. ಇವೆರಡಕ್ಕೂ ಬೇಕಾದ ವೇಗ ತೀರ ಅಲ್ಪ, ಸಿಗ್ನಲ್ ಇರುವ ಕಡೆ ಮೊಬೈಲೇ ಸಾಕು. ಆದರೆ ಆ ಹತ್ತು ನಿಮಿಷ ಲೈನು ಇಲ್ಲದಿದ್ದರೆ ಲಾರಿ ಅಂಗಳದಲ್ಲೇ ನಿಲ್ಲುತ್ತದೆ, ಚಾಲಕ ಕಾಯುತ್ತಾನೆ, ರೈತರ ಖಾತೆಗೆ ಹಣ ಹಾಕುವುದೂ ನಾಳೆಗೆ ಹೋಗುತ್ತದೆ. ನಮಗೆ ಬೇಕಾಗಿರುವುದು ಅಗಲವಾದ ಲೈನಲ್ಲ, ಕಡಿಯದ ಲೈನು.

ಹೆಚ್ಚು ವೇಗ ನುಂಗುವುದು ಕ್ಯಾಮೆರಾಗಳು. ಕಣದಲ್ಲೂ ಗೋದಾಮಿನಲ್ಲೂ ಎಂಟು ಕ್ಯಾಮೆರಾ ಇಟ್ಟು, ಒಂದೊಂದಕ್ಕೆ 2 ಎಂಬಿಪಿಎಸ್‌ನಂತೆ ದೂರದ ಸರ್ವರಿಗೆ ಕಳಿಸುತ್ತಿದ್ದರೆ ಹೊರಹೋಗುವ ದಿಕ್ಕಿನಲ್ಲಿ ಸದಾ 16 ಬೇಕು. ಅದನ್ನೇ ಕಟ್ಟಡದೊಳಗಿನ ರೆಕಾರ್ಡರಿನಲ್ಲಿ ಇರಿಸಿಕೊಂಡರೆ ಲೈನಿನ ಗೊಡವೆಯೇ ಇಲ್ಲ. ಹೊರಗಿನಿಂದ ಕಚೇರಿಯ ಕಂಪ್ಯೂಟರಿಗೆ ಬರಲು ‘ಸ್ಥಿರ ಐಪಿ’ ಬೇಕೆಂಬ ಕಾರಣಕ್ಕೆ ಮೀಸಲು ಲೈನು ಕೊಳ್ಳುವವರೂ ಇದ್ದಾರೆ. ಅನೇಕ ಕಂಪೆನಿಗಳು ಬ್ರಾಡ್‌ಬ್ಯಾಂಡಿಗೂ ಹೆಚ್ಚುವರಿ ಶುಲ್ಕ ಪಡೆದು ಅದನ್ನು ಕೊಡುತ್ತವೆ; ಮೊದಲು ಕೇಳಿ ನೋಡಿ.

ಇನ್ನು ಕರಾರು. ‘ಶೇ. 99 ಲಭ್ಯತೆ’ ಎಂದು ಬರೆದಿದ್ದರೆ ಕೇಳಲು ಸೊಗಸು. ಲೆಕ್ಕ ಹಾಕಿದರೆ 30 ದಿನದ ತಿಂಗಳಿಗೆ 7 ಗಂಟೆ 12 ನಿಮಿಷ ಲೈನು ಕೆಟ್ಟರೂ ಅವರು ಮಾತು ತಪ್ಪಿದಂತಾಗುವುದಿಲ್ಲ. ಶೇ. 99.5 ಆದರೆ 3 ಗಂಟೆ 36 ನಿಮಿಷ. ಲೆಕ್ಕ ತಿಂಗಳಿಗೋ ವರ್ಷಕ್ಕೋ ಎಂದು ತಪ್ಪದೆ ಕೇಳಿ. ವರ್ಷಕ್ಕಾದರೆ ಶೇ. 1 ಎಂದರೆ ಮೂರೂವರೆ ದಿನಕ್ಕೂ ಹೆಚ್ಚು, ಅದಷ್ಟೂ ಜುಲೈ ತಿಂಗಳ ಒಂದೇ ಮಳೆಗೆ ಬರಬಹುದು! ಅದಕ್ಕೂ ಮೀರಿ ಕೆಟ್ಟರೆ ಸಾಮಾನ್ಯವಾಗಿ ಬಾಡಿಗೆಯಲ್ಲಿ ಒಂದಿಷ್ಟು ಕಡಿತ ಮಾಡುತ್ತಾರೆಯೇ ಹೊರತು ನಿಮ್ಮ ವ್ಯಾಪಾರದ ನಷ್ಟ ತುಂಬಿಕೊಡುವುದಿಲ್ಲ.

ಮಲೆನಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಎರಡು ಮೂರು ಕಿಲೋಮೀಟರ್. ಪೇಟೆಯವರೆಗೆ ಫೈಬರ್ ನೆಲದಡಿ ಬಂದಿರಬಹುದು. ಅಲ್ಲಿಂದ ತೋಟಕ್ಕೆ ವಿದ್ಯುತ್ ಕಂಬದ ಮೇಲೆ ಬಂದರೆ ಒಂದು ಕೊಂಬೆ ಬಿದ್ದರೆ ಸಾಕು. ಮೀಸಲು ಲೈನಿಗೂ ಮರ ರಿಯಾಯಿತಿ ತೋರಿಸುವುದಿಲ್ಲ. ಪ್ರತಿನಿಧಿಯನ್ನು ಕರೆದುಕೊಂಡು ಆ ದಾರಿಯಲ್ಲಿ ನಡೆದು ನೋಡಿ. ತುಂಡಾದರೆ ಜೋಡಿಸುವವನು ಎಲ್ಲಿಂದ ಬರಬೇಕು, ಫೈಬರ್ ಬೆಸೆಯುವ ಯಂತ್ರ ಯಾವ ಊರಿನಲ್ಲಿದೆ ಎಂದು ವಿಚಾರಿಸಿ. ರೇಡಿಯೋ ಮೂಲಕ ಕೊಡುವುದಾದರೆ ಗೋಪುರಕ್ಕೂ ನಿಮ್ಮ ಚಾವಣಿಗೂ ನಡುವೆ ನೇರ ನೋಟ ಇರಬೇಕು. ಇಂದು ಇರುವ ನೋಟ ನಡುವಿನ ಸಿಲ್ವರ್ ಓಕ್ ನಾಲ್ಕು ವರ್ಷ ಬೆಳೆದ ಮೇಲೆ ಇರುತ್ತದೆಯೇ?

ಆದುದರಿಂದ ಸಣ್ಣ ಬೆಳೆಗಾರರಿಗೆ ನಮ್ಮ ಅಭಿಪ್ರಾಯ ಇಷ್ಟು: ಒಂದು ಸಾಮಾನ್ಯ ಫೈಬರ್ ಲೈನು, ಜೊತೆಗೆ ಬೇರೆ ಕಂಪೆನಿಯ ಸಿಮ್ ಹಾಕುವ ರೂಟರು, ಅದಕ್ಕೆ ಹೊರಗೆ ಎತ್ತರದಲ್ಲಿ ಒಂದು ಆಂಟೆನಾ. ಒಂದು ಹೋದರೆ ಇನ್ನೊಂದು ನಡೆಯುತ್ತದೆ. ಎರಡು ಕಂಪೆನಿಗಳ ಫೈಬರನ್ನು ಒಂದೇ ಕಂಬದ ಸಾಲಿನಲ್ಲಿ ತಂದರೆ ಈ ಲಾಭ ಇಲ್ಲ, ಎರಡೂ ಒಟ್ಟಿಗೇ ಬೀಳುತ್ತವೆ. ಹಲವು ಶಾಖೆಗಳನ್ನು ಒಂದೇ ಲೆಕ್ಕಕ್ಕೆ ಜೋಡಿಸಿರುವ ಸಂಘ, ದಿನವಿಡೀ ಬಿಲ್ಲು ಮಾಡುವ ಕ್ಯೂರಿಂಗ್ ವರ್ಕ್ಸ್ ಇಂಥವುಗಳಿಗೆ ಮೀಸಲು ಲೈನು ಸಲ್ಲುತ್ತದೆ. ಒಂದು ದಿನ ಕೆಲಸ ನಿಂತರೆ ಆಗುವ ನಷ್ಟವನ್ನೂ ಕಳೆದ ವರ್ಷ ಹಾಗೆ ನಿಂತ ದಿನಗಳನ್ನೂ ಗುಣಿಸಿ ವರ್ಷದ ಬಾಡಿಗೆಯೊಡನೆ ಹೋಲಿಸಿದರೆ ಉತ್ತರ ತಾನೇ ಸಿಗುತ್ತದೆ.

ಯಾವ ಲೈನು ಹಾಕಿಸಿದರೂ ಮನೆಯ ರೂಟರಿಗೂ ಫೈಬರ್ ಪೆಟ್ಟಿಗೆಗೂ ಇನ್ವರ್ಟರಿನ ಸಂಪರ್ಕ ಕೊಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಸಿಡಿಲು ಕರೆಂಟಿನ ತಂತಿಯ ಮೂಲಕವೂ, ಫೈಬರಿನ ಜೊತೆಗಿರುವ ಉಕ್ಕಿನ ತಂತಿಯ ಮೂಲಕವೂ ಬರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕಟ್ಟುತ್ತಿದ್ದಂತೆಯೇ, ಗುಡುಗು ಹತ್ತಿರ ಬರುವ ಮೊದಲೇ, ಪ್ಲಗ್ಗುಗಳನ್ನು ಕಿತ್ತಿಡುವುದು ಕ್ಷೇಮ.