ಕಾರು ಮೆತ್ತಗಿರಲಿ, ಬೆನ್ನು ನೆಟ್ಟಗಿರಲಿ

ಸೀರೆ ಅಂಗಡಿಗೆ ಹೋದರೆ ನಾವು ಏನ್ಮಾಡ್ತೀವಿ ಹೇಳಿ? ಬಣ್ಣ ನೋಡ್ತೀವಿ, ಸೆರಗು ನೋಡ್ತೀವಿ, ಆಮೇಲೆ ಬಟ್ಟೆಯನ್ನು ಎರಡು ಬೆರಳ ಮಧ್ಯೆ ಹಿಡಿದು ಉಜ್ಜಿ ನೋಡ್ತೀವಿ. ಐನೂರು ರೂಪಾಯಿಯ ಕಾಟನ್ ಸೀರೆಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಅದೇ ಐವತ್ತು ಲಕ್ಷದ ಕಾರು ಕೊಳ್ಳುವಾಗ? ಯಜಮಾನರು ಸ್ಟೀರಿಂಗ್ ಹಿಡಿದು ಒಂದು ಸುತ್ತು ಹೋಗಿ ಬರ್ತಾರೆ. ನಾವು ಶೋರೂಮಿನ ಸೋಫಾದಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡೀತಾ, ಬಿಳಿ ಬಣ್ಣವೋ ಕಪ್ಪೋ ಅಂತ ಒಂದು ಮಾತು ಹೇಳಿದರೆ ನಮ್ಮ ಪಾಲಿನ ಕೆಲಸ ಮುಗೀತು!

ನಾನೂ ಹಾಗೆ ಕೂತಿದ್ದವಳೇ. ಅದರ ಫಲ ಉಂಡಿದ್ದು ಮಾತ್ರ ನಮ್ಮ ಅತ್ತೆ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನಮ್ಮವರು ಬಹಳ ದಿನದ ಆಸೆ ತೀರಿಸಿಕೊಳ್ಳಲು ಹೊರಟರು. ಬೆಂಗಳೂರಿನ ಶೋರೂಮಿನಲ್ಲಿ ಒಂದೇ ಸೆಡಾನ್ ಎರಡು ಬಗೆಯಲ್ಲಿ ನಿಂತಿತ್ತು. ಒಂದು ಮಾಮೂಲಿ, ಕಂಫರ್ಟ್ ಸಸ್ಪೆನ್ಷನ್ನಿನದು. ಇನ್ನೊಂದು ಸ್ಪೋರ್ಟ್. ಚಕ್ರ ದೊಡ್ಡದು, ನಿಲುವು ತಗ್ಗು, ನೋಡೋಕೆ ಮಾತ್ರ ಚಿರತೆ! ಟೆಸ್ಟ್ ಡ್ರೈವ್‌ಗೆ ಕರೆದೊಯ್ದಿದ್ದು ಏರ್‌ಪೋರ್ಟ್ ರಸ್ತೆಗೆ. ಅಂಥ ನುಣ್ಣನೆಯ ರಸ್ತೆಯಲ್ಲಿ ಯಾವ ಕಾರು ತಾನೇ ಕುಲುಕುತ್ತೆ? ಸ್ಪೋರ್ಟ್ ಕಾರೇ ಮನೆಗೆ ಬಂತು.

ಅತ್ತೆಗೆ ಎಪ್ಪತ್ತು ದಾಟಿದೆ, ಸೊಂಟದ ಸ್ಪಾಂಡಿಲೋಸಿಸ್ ಇದೆ. ಆದರೂ ತಿಂಗಳಿಗೊಮ್ಮೆ ಕೊಪ್ಪದಲ್ಲಿರುವ ಅಕ್ಕನ ಮನೆಗೆ ಹೋಗಿ ಬರದಿದ್ದರೆ ಅವರಿಗೆ ಸಮಾಧಾನ ಇಲ್ಲ. ಹಳೇ ಕಾರಿನಲ್ಲಿ ಹತ್ತು ವರ್ಷ ಹಾಗೇ ಓಡಾಡಿದ್ದರು. ಹೊಸ ಕಾರು ಬಂದ ಎರಡನೇ ತಿಂಗಳಿಗೆ ರಾಗ ಬದಲಾಯ್ತು. "ನೀವ್ ಹೋಗ್ಬನ್ನಿ ಮಾರಾಯ್ತಿ, ನಂಗೆ ಮನೇಲೇ ಸುಖ" ಅನ್ನತೊಡಗಿದರು. ಮೂರನೇ ತಿಂಗಳೂ ಅದೇ, ನಾಲ್ಕನೇ ತಿಂಗಳೂ ಅದೇ. ವಯಸ್ಸಾಯ್ತು ಪಾಪ ಅಂದರು ಇವರು. ನನಗೋ ಒಳಗೊಳಗೇ ಅಳುಕು, ನಾನು ಏನಾದರೂ ಮಾತು ಆಡಿಬಿಟ್ಟೆನಾ ಅಂತ. ಎಷ್ಟೋ ರಾತ್ರಿ ಹಿಂದಿನ ಮಾತುಗಳನ್ನೆಲ್ಲ ನೆನಪು ಮಾಡ್ಕೊಂಡಿದ್ದೇನೆ.

ಒಂದು ದಿನ ಭಾವ ಬಂದಿದ್ದರು. ಅವರು ಮುಂದೆ ಕೂತಿದ್ದರಿಂದ ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಮೊದಲ ಬಾರಿಗೆ ಕೂತೆ. ನಮ್ಮೂರ ತಿರುವು ದಾಟಿ ಮೂರನೇ ಹಂಪ್ ಬರುವಷ್ಟರಲ್ಲಿ ಅತ್ತೆಯ "ಮನೇಲೇ ಸುಖ" ಏನು ಅಂತ ನನ್ನ ಸೊಂಟಕ್ಕೇ ಅರ್ಥವಾಯ್ತು! ಮುಂದೆ ಕೂತ ಇಬ್ಬರೂ ಆರಾಮಾಗಿ ಅಡಿಕೆ ರೇಟಿನ ಮಾತಾಡ್ತಾ ಇದ್ದರು. ಅತ್ತೆಯನ್ನು ಕೇಳಿದರೆ, "ಅಷ್ಟು ದುಡ್ಡು ಹಾಕಿ ತಂದಿದಾನೆ, ಹೆಂಗೆ ಹೇಳೋದು ಅದು ಕುಲುಕುತ್ತೆ ಅಂತ?" ಅಂದರು.

ಹಾಗಾಗಿ ಈ ಸಸ್ಪೆನ್ಷನ್ ವಿಷಯವನ್ನು ಗಂಡಸರ ವಿಷಯ ಅಂತ ಬಿಟ್ಟುಬಿಡಬೇಡಿ. ಲಕ್ಷುರಿ ಕಾರು ನಮಗ್ಯಾಕೆ ಅಂತ ಪುಟ ತಿರುಗಿಸಲೂಬೇಡಿ. ಈಗ ಐದಾರು ವರ್ಷ ಓಡಿದ ಇಂಥ ಕಾರುಗಳು ಹೊಸ ಮಧ್ಯಮ ಬೆಲೆಯ ಕಾರಿನ ದುಡ್ಡಿಗೇ ಸಿಗುತ್ತವೆ, ತಗೊಳ್ಳುವವರೂ ತುಂಬ.

ಏನಿದು ಕಂಫರ್ಟ್, ಏನಿದು ಸ್ಪೋರ್ಟ್?

ಚಕ್ರಕ್ಕೂ ಕಾರಿನ ಮೈಗೂ ನಡುವೆ ಸ್ಪ್ರಿಂಗ್ ಇರುತ್ತೆ. ಗುಂಡಿ ಬಂದಾಗ ಅದು ಒತ್ತಿಕೊಂಡು ಏಟು ನುಂಗುತ್ತೆ. ಬರೀ ಸ್ಪ್ರಿಂಗ್ ಇದ್ದರೆ ಕಾರು ತೊಟ್ಟಿಲಿನ ಹಾಗೆ ತೂಗುತ್ತಲೇ ಇರಬೇಕಾಗುತ್ತೆ. ಆ ತೂಗಾಟ ನಿಲ್ಲಿಸೋದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ ಹೋಗಬೇಕಾದ್ದರಿಂದ ಕುಣಿತ ಕುಗ್ಗುತ್ತೆ. ಕಂಫರ್ಟ್ ಅಂದರೆ ಇವೆರಡೂ ಮೆದು. ಸ್ಪೋರ್ಟ್ ಅಂದರೆ ಎರಡೂ ಬಿಗಿ, ಜೊತೆಗೆ ಕಾರು ಸಾಮಾನ್ಯವಾಗಿ ಒಂದು, ಒಂದೂವರೆ ಸೆಂಟಿಮೀಟರ್ ತಗ್ಗು. ತಿರುವಿನಲ್ಲಿ ಮೈ ವಾಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮಾತು ಕೇಳುತ್ತೆ. ಓಡಿಸುವವರಿಗೆ ಖುಷಿಯೋ ಖುಷಿ.

ಮೈಗೆ ಯಾವುದು ಒಗ್ಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಸಾಮಾನ್ಯ ಕಾರಿನ ಸ್ಪ್ರಿಂಗ್ ಸೆಕೆಂಡಿಗೆ ಒಂದು, ಒಂದೂವರೆ ಸಲ ಏರಿಳಿಯುವ ಹಾಗೆ ಮಾಡಿರ್ತಾರೆ. ಅದು ನಾವು ನಡೆಯುವ ಲಯಕ್ಕೆ ಹತ್ತಿರ, ಮೈಗೆ ಹುಟ್ಟಿನಿಂದ ಅಭ್ಯಾಸ. ಆದರೆ ಕೂತ ಮೈಗೆ ಬಹಳ ತಾಗೋದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಮೇಲೆ-ಕೆಳಗಿನ ಅದುರು. ಮೈಗೆ ತಾಗುವ ಕಂಪನ ಅಳೆಯಲು ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631 ಹೆಚ್ಚು ತೂಕ ಕೊಡೋದೂ ಈ ಸುತ್ತಿನ ಅದುರಿಗೇ. ಬಿಗಿ ಸಸ್ಪೆನ್ಷನ್, ತೆಳು ಟೈರು, ಕಿತ್ತುಹೋದ ಡಾಂಬರು, ಮೂರೂ ಸೇರಿದರೆ ಈ ಬಗೆಯ ಅದುರು ಸೀಟಿನವರೆಗೂ ಬರುತ್ತೆ. ಇಪ್ಪತ್ತೈದರ ಬೆನ್ನಿಗೆ ಗೊತ್ತೇ ಆಗಲಿಕ್ಕಿಲ್ಲ. ಡಿಸ್ಕ್ ಸವೆದ ಬೆನ್ನಿಗೆ, ಗರ್ಭಿಣಿಗೆ, ಸಿಸೇರಿಯನ್ ಆಗಿ ತಿಂಗಳು ತುಂಬದ ಬಾಣಂತಿಗೆ?

ಮುಂದಿನ ಸೀಟಿನವರು ಎರಡು ಗಾಲಿಗಳ ನಡುಮಧ್ಯಕ್ಕೆ ಹತ್ತಿರ ಇರ್ತಾರೆ. ಹಿಂದಿನವರು ಹೆಚ್ಚುಕಮ್ಮಿ ಹಿಂದಿನ ಗಾಲಿಯ ಮೇಲೇ ಕೂತ ಹಾಗೆ. ಅದಕ್ಕೇ ಇವರಿಗೆ ಗೊತ್ತಾಗದ ಏಟು ಅತ್ತೆಗೆ ಗೊತ್ತಾಗಿದ್ದು. ನಮ್ಮಲ್ಲಿ ಕಂಪನಿಯವರೂ ಹಿಂದಿನ ಸೀಟಿಗೆ ಬೆಲೆ ಕೊಡಲು ಶುರು ಮಾಡಿದ್ದಾರೆ. ಮರ್ಸಿಡಿಸ್‌ನವರು 2017ರಲ್ಲಿ ಇ-ಕ್ಲಾಸಿನ ಉದ್ದನೆಯ ಮಾದರಿಯನ್ನು ಭಾರತಕ್ಕೆ ತಂದರು, ಬಿಎಂಡಬ್ಲ್ಯುನವರು 2021ರಲ್ಲಿ 3 ಸೀರೀಸಿನ ಗ್ರ್ಯಾನ್ ಲಿಮೋಸಿನ್ ತಂದರು. ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಮುಂದೆ-ಹಿಂದೆ ತೂಗಾಟ ಕಡಿಮೆ. ಕಾಲು ಚಾಚಲು ಸಿಗುವ ಜಾಗ ಅದರ ಮೇಲಿನ ಲಾಭ.

ಹಾಗಂತ ಮೆತ್ತಗಿದ್ದಷ್ಟೂ ಒಳ್ಳೇದು ಅಂದ್ಕೋಬೇಡಿ. ನಮ್ಮ ನಾದಿನಿ ಮಂಗಳೂರಿನಲ್ಲಿದ್ದಾಳೆ. ತವರಿಗೆ ಬರಬೇಕೆಂದರೆ ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಬೇಕು. ಅವರ ಹಳೇ ಕಾರು ಹತ್ತಿಯ ಹಾಸಿಗೆಯಷ್ಟು ಮೆದು. ಪ್ರತಿ ತಿರುವಿಗೂ ದೋಣಿಯ ಹಾಗೆ ವಾಲಿ, ಮಕ್ಕಳಿಬ್ಬರೂ ಸೋಮೇಶ್ವರದಿಂದಲೇ ಪ್ಲಾಸ್ಟಿಕ್ ಕವರು ಹಿಡಿದು ಕೂರಬೇಕು. ತೀರಾ ನಿಧಾನವಾದ ತೂಗಾಟ ಬೆನ್ನಿಗೆ ಏನೂ ಮಾಡದಿದ್ದರೂ ಹೊಟ್ಟೆ ತೊಳಸುತ್ತೆ. ಅಂಥವರಿಗೆ ಸ್ವಲ್ಪ ಬಿಗಿಯಾದ ಕಾರೇ ವಾಸಿ. ಇನ್ನು ನೀವೇ ಓಡಿಸುವವರು, ಹೆಚ್ಚಾಗಿ ಹೈವೇ, ಹಿಂದಿನ ಸೀಟಿನಲ್ಲಿ ಬರೀ ಲ್ಯಾಪ್‌ಟಾಪ್ ಬ್ಯಾಗು ಅಂತಾದರೆ ಧಾರಾಳವಾಗಿ ಸ್ಪೋರ್ಟ್ ತಗೊಳ್ಳಿ. ಖುಷಿ ಬರೀ ಗಂಡಸರಿಗೇ ಯಾಕಿರಬೇಕು?

ಬಟನ್ ನಂಬಿ ಕೆಡಬೇಡಿ

ಶೋರೂಮಿನಲ್ಲಿ ನಮಗೆ ಹೇಳಿದ ಮಾತು ಇದು: "ಮೇಡಂ, ಈ ಬಟನ್ ಒತ್ತಿದರೆ ಕಂಫರ್ಟ್, ಇದನ್ನು ಒತ್ತಿದರೆ ಸ್ಪೋರ್ಟ್." ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟೋ ಕಾರುಗಳಲ್ಲಿ ಆ ಬಟನ್ ಬದಲಾಯಿಸೋದು ಎಂಜಿನ್, ಗೇರು, ಸ್ಟೀರಿಂಗನ್ನು ಮಾತ್ರ. ಅಡಾಪ್ಟಿವ್ ಡ್ಯಾಂಪರ್ ಅಥವಾ ಏರ್ ಸಸ್ಪೆನ್ಷನ್ ಇದ್ದರಷ್ಟೇ ಕುಲುಕಾಟದಲ್ಲಿ ವ್ಯತ್ಯಾಸ. ನಮ್ಮ ಕಾರಿನಲ್ಲಿ ಅದು ಇರಲಿಲ್ಲ, ನಾವು ಕೇಳಲೂ ಇಲ್ಲ. ನೀವು ನೇರವಾಗಿ ಕೇಳಿ: "ಈ ಬಟನ್ ಒತ್ತಿದರೆ ಶಾಕ್ ಅಬ್ಸಾರ್ಬರ್ ಮೆದು ಆಗುತ್ತಾ?" ಹೌದು ಅಂದರೆ ಬ್ರೋಷರಿನಲ್ಲಿ ತೋರಿಸೋಕೆ ಹೇಳಿ.

ಹಾಗೇ ಎಂ ಸ್ಪೋರ್ಟ್, ಎಎಂಜಿ ಲೈನ್, ಎಸ್ ಲೈನ್ ಅಂತೆಲ್ಲ ಹೆಸರು ಕಂಡು ಬೆಚ್ಚಲೂ ಬೇಡಿ, ಮರುಳಾಗಲೂ ಬೇಡಿ. ಕೆಲವು ಸಲ ಬದಲಾಗಿರೋದು ಬಂಪರು ಮತ್ತು ಚಕ್ರ ಅಷ್ಟೇ, ಕೆಲವು ಸಲ ಸಸ್ಪೆನ್ಷನ್ನೂ ಸೇರಿರುತ್ತೆ. ಅದನ್ನೂ ಕೇಳಿಯೇ ತಿಳೀಬೇಕು.

ಸೆಕೆಂಡ್ ಹ್ಯಾಂಡ್‌ನಲ್ಲಿ ಏರ್ ಸಸ್ಪೆನ್ಷನ್ ಇರುವ ಕಾರು ನೋಡ್ತಿದ್ದರೆ ಬೆಳಿಗ್ಗೆ ಬೇಗ, ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಿ. ಇದರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ಮರ್ಸಿಡಿಸ್‌ನವರು 1998ರ ಎಸ್-ಕ್ಲಾಸಿಗೇ ಇದನ್ನು ಹಾಕಿದ್ದರು. ಕೂತರೆ ಮೋಡದ ಮೇಲೆ ಹೋದ ಹಾಗೆ, ಸುಳ್ಳಲ್ಲ. ಆದರೆ ರಬ್ಬರ್‌ಗೆ ವಯಸ್ಸಾಗುತ್ತೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿದ್ದರೆ ಗಾಳಿ ಸೋರ್ತಿದೆ ಅಂತ. ವಾರಂಟಿ ಮುಗಿದ ಮೇಲೆ ಅದರ ರಿಪೇರಿ ಖರ್ಚು ಕೇಳಿದರೆ ನೀವೂ ಕುಸಿದು ಕೂರ್ತೀರಿ!

ಟೈರಿನ ಮೇಲಿನ ಅಂಕಿ ಓದಿ

ಇದು ನಮ್ಮ ಊರಿನ ಗ್ಯಾರೇಜಿನ ಹುಡುಗ ಕಲಿಸಿಕೊಟ್ಟ ಪಾಠ. ನಮ್ಮ ಕಾರಿನ ಟೈರಿನ ಮೇಲೆ 225/45 ಆರ್ 18 ಅಂತ ಇತ್ತು. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಆ ಅಗಲದ ನೂರಕ್ಕೆ 45 ಭಾಗ ಟೈರಿನ ಗೋಡೆಯ ಎತ್ತರ. 18 ಒಳಗಿನ ಚಕ್ರದ ಇಂಚು. ಲೆಕ್ಕ ಹಾಕಿ ನೋಡಿ, ಗೋಡೆ ಬರೀ 101 ಮಿ.ಮೀ. ಅದೇ 225/50 ಆರ್ 17 ಹಾಕಿದರೆ 112, 225/55 ಆರ್ 16 ಆದರೆ 124. ಹೊರಗಿನ ಎತ್ತರ ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ಅಂದರೆ ಚಂದ ಕಾಣಲಿ ಅಂತ ಚಕ್ರ ದೊಡ್ಡದು ಮಾಡಿದಷ್ಟೂ ಏಟು ತಡೆಯುವ ರಬ್ಬರ್ ಮತ್ತು ಗಾಳಿ ಕಡಿಮೆ. ದಿಂಬು ತೆಗೆದು ಮಣೆ ಇಟ್ಟ ಹಾಗೆ.

ರನ್-ಫ್ಲಾಟ್ ಟೈರು ಇದ್ದರೆ ಇನ್ನೊಂದು ಸುತ್ತು ಗಟ್ಟಿ. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ರಾತ್ರಿ ಒಬ್ಬರೇ ಓಡಿಸುವ ಹೆಂಗಸರಿಗೆ ಅದು ಸಣ್ಣ ಅನುಕೂಲ ಅಲ್ಲ. ಆದರೆ ಆ ಶಕ್ತಿ ಬರೋದು ಗೋಡೆ ಬಿರುಸಾಗಿರೋದರಿಂದಲೇ. ಬದಲಾಯಿಸಿದರೆ ಸ್ಟೆಪ್ನಿಗೆ ಜಾಗ ಇದೆಯಾ, ಇಲ್ಲದಿದ್ದರೆ ಪಂಕ್ಚರ್ ಕಿಟ್ ಇದೆಯಾ ಅಂತ ನೋಡಿಕೊಳ್ಳಿ.

ಟೆಸ್ಟ್ ಡ್ರೈವ್ ಕಡೆಗೆ ಬರೋಣ. ರಸ್ತೆ ನೀವೇ ಆರಿಸಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟುವಂಥದ್ದು. ನಿಮ್ಮ ಬೀದಿಯಲ್ಲಿ ಅಂಥದ್ದು ಒಂದಾದರೂ ಇದೆಯಾ? ನಮ್ಮಲ್ಲಿರೋದು ರಸ್ತೆಗೆ ಅಡ್ಡ ಮಲಗಿಸಿದ ಅಡಿಕೆ ಮರದಂಥವು. ಆದ್ದರಿಂದ ನಿಮ್ಮ ಮನೆಯ ಬೀದಿಗೇ ಕಾರು ತರಿಸಿ, ಆಗದಿದ್ದರೆ ಶೋರೂಮಿನ ಹಿಂದಿನ ಹಾಳು ಗಲ್ಲಿಯಲ್ಲಾದರೂ ಓಡಿಸಿ. ನಾಲ್ಕೂ ಜನ ಕೂತು ಹೋಗಿ, ತುಂಬಿದ ಕಾರಿನ ನಡತೆಯೇ ಬೇರೆ. ಟೈರಿನ ಗಾಳಿ ಎಷ್ಟಿದೆ ಕೇಳಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಚೀಟಿ ಅಂಟಿಸಿರ್ತಾರೆ.

ಅದಕ್ಕಿಂತ ಮುಖ್ಯ, ಹಿಂದಿನ ಸೀಟಿನಲ್ಲಿ ಇಪ್ಪತ್ತು ನಿಮಿಷ ಯಜಮಾನರನ್ನೇ ಕೂರಿಸಿ. ವಾದ ಮಾಡಬೇಡಿ, "ನಂಗೊಂದ್ಸಲ ಓಡಿಸೋ ಆಸೆ ಇದೆ ರೀ" ಅನ್ನಿ, ಸಾಕು. ಡ್ರೈವಿಂಗ್ ಬಾರದಿದ್ದರೆ ಶೋರೂಮಿನ ಹುಡುಗ ಓಡಿಸಲಿ.

ನಮ್ಮ ಕಾರಿನ ಕತೆ ಏನಾಯ್ತು ಅಂತೀರಾ? ಮಾರಿದರೆ ನಷ್ಟ. ಸಸ್ಪೆನ್ಷನ್ ಪೂರ್ತಿ ಬದಲಾಯಿಸೋದು ದುಬಾರಿ, ವಾರಂಟಿಯ ತಕರಾರು ಬೇರೆ. ಕೊನೆಗೆ ಕಂಪನಿ ಆ ಕಾರಿಗೆ ಒಪ್ಪಿರುವ ಅಳತೆಯನ್ನೇ ನೋಡಿ 17 ಇಂಚಿನ ಚಕ್ರಕ್ಕೆ ಇಳಿದೆವು, ರನ್-ಫ್ಲಾಟ್ ಅಲ್ಲದ ಟೈರು ಹಾಕಿಸಿದೆವು. ಚಿರತೆ ಸ್ವಲ್ಪ ಬೆಕ್ಕಾಯಿತು ಅಂತ ಇವರಿಗೆ ಬೇಜಾರು. ಚೂಪು ಏಟು ಎಷ್ಟೋ ಕಡಿಮೆಯಾಯ್ತು, ಪೂರ್ತಿ ಹೋಗಲಿಲ್ಲ. ಈಗ ಮುಂದಿನ ಸೀಟು ಅತ್ತೆಗೆ, ಹಿಂದೆ ನಾನು. ಐದು ತಿಂಗಳ ಮೇಲೆ ಕೊಪ್ಪಕ್ಕೆ ಹೋದಾಗ ಅಕ್ಕ ತಂಗಿ ಜಗುಲಿಯಲ್ಲಿ ಕೂತು, ಊಟಕ್ಕೆ ಕರೆದರೂ ಏಳಲಿಲ್ಲ.

ಕಳೆದ ವರ್ಷ ನಾದಿನಿ ಹೊಸ ಕಾರು ತಗೊಳ್ಳೋಕೆ ಹೊರಟಾಗ, "ಅತ್ತಿಗೆ, ಈ ಸಲ ಅಮ್ಮನನ್ನೂ ಕರ್ಕೊಂಡೇ ಹೋಗೋಣ" ಅಂದಳು. ಅತ್ತೆ ಬರುವಾಗ ಚೀಲದಲ್ಲಿ ಒಂದು ಸೇರು ಮಲ್ಲಿಗೆ ಮೊಗ್ಗು, ಬಾಳೆನಾರು ಹಿಡಿದು ಬಂದಿದ್ದರು. ದಾರಿಯಲ್ಲಿ ಹೊತ್ತು ಹೋಗಲಿ ಅಂತ. ಮೊದಲನೇ ಕಾರು ಸ್ಪೋರ್ಟ್. ಹಿಂದೆ ಕೂತು ಹೂ ಕಟ್ಟತೊಡಗಿದವರ ಕೈಯಿಂದ ಗಂಟು ತಪ್ಪಿ ಮೊಗ್ಗೆಲ್ಲ ಕಾಲಡಿಗೆ. ಎರಡನೇದು ಕಂಫರ್ಟ್, ಆದರೆ 18 ಇಂಚಿನ ಚಕ್ರ. ಹತ್ತು ಗಂಟಿಗೆ ಮೂರು ತಪ್ಪಿತು. ಮೂರನೇದು ಅಡಾಪ್ಟಿವ್, 17 ಇಂಚಿನದು. ಅದೇ ಗಲ್ಲಿ, ಅದೇ ಹಂಪ್. ಅತ್ತೆ ತಲೆ ಎತ್ತದೆ ಕಟ್ಟುತ್ತಾ ಹೋದರು. ಆಗುಂಬೆಯ ತಿರುವಿಗೆ ಬಿಗಿ ಮಾಡಿಕೊಳ್ಳಬಹುದು ಅಂತ ನಾದಿನಿಗೂ ಸಮಾಧಾನ. ವಾಪಸು ಬರುವಷ್ಟರಲ್ಲಿ ಎರಡು ಮೊಳ ಹೂ ಆಗಿತ್ತು. ಒಂದು ಮೊಳ ನಾದಿನಿಯ ತಲೆಗೆ, ಇನ್ನೊಂದನ್ನು ಶೋರೂಮಿನ ರಿಸೆಪ್ಷನ್ ಹುಡುಗಿ ನಗುತ್ತಾ ಇಸ್ಕೊಂಡು ಮುಡಿದಳು.