ಹಲ್ಲು ಎಣಿಸಿ ತೆಗೆದುಕೊಳ್ಳಬೇಕಾದ ದಾನ

ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಅನ್ನುತ್ತಾರೆ ಹಿರಿಯರು. ಆದರೆ ಮಕ್ಕಳೇ, ನಿಮ್ಮ ಶಾಲೆಗೆ ಯಾರಾದರೂ ಹಳೆ ಕಂಪ್ಯೂಟರ್ ದಾನ ಕೊಡಲು ಬಂದರೆ ಈ ಗಾದೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಹಲ್ಲು ಎಣಿಸಿ, ಗೊರಸೂ ನೋಡಿ!

ಈಗ ಇಂಥ ದಾನಕ್ಕೆ ಒಳ್ಳೆಯ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಒಗ್ಗದ ಎಷ್ಟೋ ಯಂತ್ರಗಳು, ಕೆಡದಿದ್ದರೂ, ಕಚೇರಿಗಳ ಮೂಲೆ ಸೇರುತ್ತಿವೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಇರುವುದು ಸುಮಾರು 200 ಕಿಲೋಮೀಟರ್. ಅಲ್ಲಿ ಬೇಡವಾದ ಹತ್ತು ಯಂತ್ರ ಹೊಸದುರ್ಗದ ಕಡೆಯ ಒಂದು ಹಳ್ಳಿ ಶಾಲೆಗೆ ಬಂದರೆ, ಒಂದೊಂದರ ಮುಂದೆ ಎಂಟು ಮಕ್ಕಳು ಇಣುಕುವ ಬದಲು ಇಬ್ಬರು ಕೂರಬಹುದು. ಮೌಸ್ ಹಿಡಿಯುವ ಸರದಿ ಹಿಂದಿನ ಬೆಂಚಿನ ಹುಡುಗಿಗೂ ಬರುತ್ತದೆ.

ಇದು ಆಗದ ಮಾತಲ್ಲ. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕರು ಸ್ಥಳೀಯರ ಜೊತೆ ಸೇರಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ನಡೆಸಿದರು. ಇದ್ದದ್ದು ದಾನ ಬಂದ ಹಳೆ ಕಂಪ್ಯೂಟರ್‌ಗಳು, ಒಳಗೆ ಲಿನಕ್ಸ್. ಅಲ್ಲಿನ ಮಕ್ಕಳು ‘ಗಿಂಪ್’ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರ ಬರೆದರು.

ಹಾಗಾದರೆ ಹಳೆ ಯಂತ್ರಕ್ಕೆ ಮರುಜೀವ ಕೊಡುವುದು ಹೇಗೆ? ಮೊದಲು ಪ್ಲಗ್ ಕಿತ್ತು ಪೆಟ್ಟಿಗೆ ತೆರೆಯುತ್ತಾರೆ. ದುರ್ಗದ ಗಾಳಿಯ ಬಗ್ಗೆ ಹೇಳಬೇಕೇ? ಜೋಗಿಮಟ್ಟಿ ಸುತ್ತಿನ ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿ ಅದು. ಅದರೊಡನೆ ಬಂದ ಧೂಳು ಕಂಪ್ಯೂಟರಿನ ಫ್ಯಾನಿನಲ್ಲಿ ಹತ್ತಿಯಂತೆ ಕೂತರೆ ಯಂತ್ರ ಕಾದು ತಾನೇ ನಿಂತುಬಿಡುತ್ತದೆ. ಬ್ರಷ್‌ನಿಂದ ಅದನ್ನು ತೆಗೆಯಬೇಕು. ಆಮೇಲೆ ರ‍್ಯಾಮ್ ಎಂಬ ಪುಟ್ಟ ಪಟ್ಟಿಯನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಒರೆಸುವ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಸತ್ತೇ ಹೋಯಿತು ಅಂದುಕೊಂಡ ಎಷ್ಟೋ ಯಂತ್ರ ಇಷ್ಟಕ್ಕೇ ಎದ್ದು ಕೂರುವುದುಂಟು! ಪ್ರತಿದಿನ ತಪ್ಪು ತಾರೀಖು ತೋರಿಸುತ್ತಿದ್ದರೆ ಒಳಗಿರುವ ನಾಣ್ಯದಂಥ 2032 ಸೆಲ್ ಮುಗಿದಿದೆ ಎಂದರ್ಥ. ಗೋಡೆ ಗಡಿಯಾರಕ್ಕೆ ಹಾಕಿದಂತೆ ಹೊಸದು ಹಾಕಿದರಾಯಿತು. ಗರಗರ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರಂತೂ ಮುದಿ ಎತ್ತಿಗೆ ಹರೆಯ ಬಂದ ಹಾಗೆ. ಪವರ್ ಸಪ್ಲೈ ಡಬ್ಬಿ ಮತ್ತು ಹಳೆ ಟಿವಿಯಂಥ ದಪ್ಪ ಮಾನಿಟರ್ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ವಿದ್ಯುತ್ ಉಳಿದಿರುತ್ತದೆ.

ಇನ್ನು ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಅದರ ಹಗುರವಾದ ಬಗೆಗಳು ಹಳೆ ಯಂತ್ರದಲ್ಲೂ ಚೆನ್ನಾಗಿ ಓಡುತ್ತವೆ. ಕನ್ನಡವೂ ಸಲೀಸು: ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ನಮ್ಮ ‘ನುಡಿ’ಯ ಬುಡವೂ ಅದೇ.

ಅಜ್ಜ-ಅಜ್ಜಿಯರೇ, ಮನೆಯ ಕಂಪ್ಯೂಟರ್ ಕೊಡುವ ಮುನ್ನ ಮೊಮ್ಮಗಳ ನಾಮಕರಣದ ಫೋಟೋ, ಬ್ಯಾಂಕಿನ ಕಾಗದಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ. ಬರೀ ‘ಡಿಲೀಟ್’ ಒತ್ತಿದರೆ ಅವು ಅಳಿಯುವುದಿಲ್ಲ, ಬಲ್ಲವರು ಮತ್ತೆ ಎತ್ತಬಹುದು. ಡಿಸ್ಕನ್ನು ಪೂರ್ತಿ ಅಳಿಸಿಕೊಡಲು ರಿಪೇರಿಯವರಿಗೆ ಹೇಳಿ.

ಈಗ ಹಲ್ಲು ಎಣಿಸುವ ಮಾತು. ಕೊಡುವವರಿಗೆ ಕೋಣೆ ಖಾಲಿಯಾದರೆ ಸಾಕಾಗಿರುತ್ತದೆ. ಆದರೆ ಆನ್ ಆಗದ ಇಪ್ಪತ್ತು ಯಂತ್ರ ಶಾಲೆಗೆ ದಾನವಲ್ಲ, ಕಸ. ದಾಸ್ತಾನು ಪುಸ್ತಕಕ್ಕೆ ಒಮ್ಮೆ ಏರಿದ ವಸ್ತುವನ್ನು ಮುಖ್ಯೋಪಾಧ್ಯಾಯರು ಮನಸ್ಸು ಬಂದಾಗ ಎಸೆಯುವಂತೆಯೂ ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಇ-ಕಸ 620 ಲಕ್ಷ ಟನ್; ಸರಿಯಾಗಿ ಸಂಗ್ರಹಿಸಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ನಾಲ್ಕನೇ ಒಂದು ಪಾಲಿಗೂ ಕಡಿಮೆ. ಹೊಳಲ್ಕೆರೆಯ ಶಾಲೆಯೊಂದರ ಹಿಂದಿನ ಕೋಣೆ ಆ ರಾಶಿಗೆ ಸೇರುವುದು ಬೇಡ. ಪೂರ್ತಿ ಸತ್ತವು ಗುಜರಿಗೂ ಹೋಗಬಾರದು, ಅವುಗಳಲ್ಲಿ ಸೀಸದಂಥ ವಿಷವಿದೆ. ಹಿರಿಯೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ, ದಾಬಸ್‌ಪೇಟೆಯಲ್ಲಿ, 2005ರಲ್ಲಿ ಶುರುವಾದ ಇ-ಪರಿಸರ ಎಂಬ ಅಧಿಕೃತ ಮರುಬಳಕೆ ಘಟಕವಿದೆ.

ಆದ್ದರಿಂದ ಲಾರಿ ಹತ್ತಿಸುವ ಮೊದಲು ಎಸ್‌ಡಿಎಂಸಿಯವರನ್ನು ಕೇಳಿ: ಕೋಣೆಗೆ ಅರ್ಥಿಂಗ್ ಇದೆಯೇ? ಕರೆಂಟ್ ಹೋದರೆ ಯುಪಿಎಸ್ ಇದೆಯೇ? ಎರಡು ವರ್ಷದ ನಂತರ ಅದರ ಬ್ಯಾಟರಿಗೆ ದುಡ್ಡು ಯಾರು ಕೊಡುತ್ತಾರೆ?